ಸೀಮೆ ದಾಟದ ಕಂಕಣ

2007ನೆಯ ಇಸವಿಯ ದಸರೆ ಕಳೆದು ದೀಪಾವಳಿ ಇನ್ನೂ ಬಾರದಿದ್ದ ದಿನಗಳು. ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಒಂದು ಕಂಪ್ಯೂಟರ್ ಮಳಿಗೆಯಲ್ಲಿ ನಾನು ಹಿರಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಬ್ರಹ್ಮಪುರದ ವೈದಿಕ ಮನೆತನದಲ್ಲಿ ಹುಟ್ಟಿ, ಉಪನಯನವಾದ ಮೇಲೆ ಕೆಲವು ವರ್ಷ ಪಾಠಶಾಲೆಯಲ್ಲಿ ವೇದವನ್ನೂ ಕಾವ್ಯವನ್ನೂ ಪೂಜಾಪ್ರಯೋಗಗಳನ್ನೂ ಓದಿದವನು. ಮುಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ರೇಡಿಯೋ, ಟಿ.ವಿ.ಗಳನ್ನು ದುರಸ್ತಿ ಮಾಡುತ್ತಾ ಕಂಪ್ಯೂಟರಿನ ತನಕ ಬಂದಿದ್ದೆ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿದ ಕೈಗೇ ಹತ್ತು ಗಂಟೆಗೆ ಸ್ಕ್ರೂಡ್ರೈವರ್ ಬರುತ್ತಿತ್ತು. ಎರಡರ ನಡುವೆ ವಿರೋಧವಿದೆಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಆ ವರ್ಷದ ಒಂದು ಪ್ರಸಂಗದಲ್ಲಿ ಮಾತ್ರ ಎರಡೂ ಒಂದೇ ಗಳಿಗೆಯಲ್ಲಿ ನನ್ನನ್ನು ಪರೀಕ್ಷೆಗೆ ನಿಲ್ಲಿಸಿದವು.

ಒಂದು ಮುಂಜಾನೆ ಶರಣಪ್ಪನೆಂಬವರು ಲ್ಯಾಪ್‌ಟಾಪೊಂದನ್ನು ಮಗ್ಗದ ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಮಳಿಗೆಗೆ ಬಂದರು. ಅರವತ್ತರ ಆಸುಪಾಸು, ಹಣೆಯ ಮೇಲೆ ಮೂರೆಳೆ ವಿಭೂತಿ. ಕಮಲಾಪುರದಲ್ಲಿ ಡಾಕ್ಟರ್ ಸುಜಾತಾ ಎಂಬವರು ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ಅವರು ಕಂಪೌಂಡರ್.

“ಇದು ಬರೀ ಕಂಪ್ಯೂಟರ್ ಅಲ್ರಿ ಆಚಾರ್ರ,” ಎಂದರು. “ಎದಿ ನೋಡೋ ಮಷಿನ್. ಮದಲ ಗುಂಡಿ ಒತ್ತಿದ್ರ ಲಗೂನ ಏಳ್ತಿತ್ತು. ಈಗ ಒತ್ತಿ, ಚಾ ಮಾಡಿ, ಕುಡದು, ಕಪ್ಪು ತೊಳದಿಟ್ರೂ ಕರೀ ಪರದಾನೇ.”

ಅದು ಇ.ಸಿ.ಜಿ.ಗಾಗಿ ಇಟ್ಟ ಲ್ಯಾಪ್‌ಟಾಪ್. ರೋಗಿಯ ಎದೆಗೂ ಕೈಕಾಲುಗಳಿಗೂ ಅಂಟಿಸಿದ ವೈರುಗಳು ಒಂದು ಪುಟ್ಟ ಪೆಟ್ಟಿಗೆಯ ಮೂಲಕ ಅದಕ್ಕೆ ಸೇರಿ, ಹೃದಯದ ಬಡಿತವನ್ನು ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿದ್ದವು. ಹೃದಯಾಘಾತವೋ ಬರಿಯ ವಾಯುವೋ ಎಂದು ನಿರ್ಣಯಿಸಲು ಆ ಡಾಕ್ಟರಿಗೆ ಇದ್ದ ಸಾಧನ ಅದೊಂದೇ. ದಸರೆಯ ಮರುವಾರ ಊರಿಗೆ ಬಂದಿದ್ದ ಡಾಕ್ಟರ ತಮ್ಮ, ಲ್ಯಾಪ್‌ಟಾಪಿನ ಫ್ಯಾನು ಬಹಳ ಸದ್ದು ಮಾಡುತ್ತದೆಂದು ಹೊಸ ಫರ್ಮ್‌ವೇರ್ ಹಾಕಿ ಹೋಗಿದ್ದ. ಫ್ಯಾನು ಸುಮ್ಮನಾಯಿತು. ಯಂತ್ರ ಏಳಲು ಹದಿನೈದು ನಿಮಿಷ ಬೇಕಾಗತೊಡಗಿತು.

ಫರ್ಮ್‌ವೇರ್ ಎಂದರೇನೆಂದು ಇಲ್ಲಿ ಹೇಳಬೇಕು. ಗುಂಡಿ ಒತ್ತಿದೊಡನೆ ಕಂಪ್ಯೂಟರು ತನ್ನ ಅಂಗಾಂಗಗಳು ಯಾವುವು, ಮುಂದಿನ ಕೆಲಸವನ್ನು ಯಾರಿಂದ ಕೇಳಬೇಕು ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟ ಈ ಮೊದಲ ಪಾಠವೇ ಫರ್ಮ್‌ವೇರ್. ಆ ಕಾಲದ ಯಂತ್ರಗಳಲ್ಲಿ ಅದನ್ನು ಬಯಾಸ್ ಎನ್ನುತ್ತಿದ್ದೆವು. ಪೂಜೆಗೆ ಮುನ್ನ ಆಚಮನ, ಸಂಕಲ್ಪಗಳಿದ್ದಂತೆ ಅದು. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ನಿಂತುಹೋಗುತ್ತದೆ.

ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ. ಒಂದು ನಿಮಿಷವೂ ಆಗಿರಲಿಲ್ಲ, ಪರದೆ ತೆರೆದು ನಿಂತಿತು. ಮತ್ತೆ ಆರಿಸಿ ಹಚ್ಚಿದೆ. ಮತ್ತೆ ಹಾಗೆಯೇ. ಹಾರ್ಡ್ ಡಿಸ್ಕ್ ಪರೀಕ್ಷಿಸಿದೆ, ಮೆಮೊರಿ ಪರೀಕ್ಷಿಸಿದೆ. ಬಯಾಸಿನ ಸೆಟ್ಟಿಂಗುಗಳನ್ನು ತೆರೆದು ನೋಡಿದೆ. ಯಂತ್ರ ಎಬ್ಬಿಸುವ ಕ್ರಮದಲ್ಲಿ ಮೊದಲು ಯು.ಎಸ್.ಬಿ., ಆಮೇಲೆ ಹಾರ್ಡ್ ಡಿಸ್ಕ್ ಎಂದಿತ್ತು. ಕಾರ್ಖಾನೆಯಿಂದ ಬರುವಾಗ ಇರುವ ಕ್ರಮವೇ ಅದು, ಯು.ಎಸ್.ಬಿ.ಯಲ್ಲಿ ಏನೂ ಇಲ್ಲದಿದ್ದರೆ ಯಂತ್ರ ಮುಂದಕ್ಕೆ ಹೋಗುತ್ತದೆ. ದೋಷವೇನೂ ಕಾಣದೆ ಹಿಂದಕ್ಕೆ ಕೊಟ್ಟೆ.

ಮರುದಿನ ಡಾಕ್ಟರ್ ಸುಜಾತಾ ಅವರ ಫೋನ್ ಬಂತು. “ಸರ್, ಇಲ್ಲಿ ಮತ್ತ ಹಂಗೇ ಆಗ್ಯದ್ರಿ.” ಶರಣಪ್ಪ ಮತ್ತೆ ಹೊತ್ತು ತಂದರು. ಮಳಿಗೆಯಲ್ಲಿ ಯಂತ್ರ ಮತ್ತೆ ಚಟ್ಟನೆ ಎದ್ದು ಕುಳಿತಿತು. ನಮ್ಮ ಮಾಲೀಕರು ನಕ್ಕು, “ಆಚಾರ್ರ, ಇದಕ್ಕ ರಿಪೇರಿ ಬ್ಯಾಡ, ಹವಾ ಬದಲಿ ಬೇಕಾಗ್ಯದ. ತಿಂಗಳ ಮಟ ಸೂಪರ್ ಮಾರ್ಕೆಟ್‌ನಾಗೇ ಇಟಗೋರಿ” ಎಂದರು.

ಶರಣಪ್ಪ ನಗಲಿಲ್ಲ. ತಗ್ಗಿದ ದನಿಯಲ್ಲಿ, “ನಮ್ಮೂರಾಗೇ ಏನೋ ಕಾಡಾಕತ್ತದ್ರಿ. ಮೊನ್ನಿ ಒಬ್ಬಾಂವ ಎದಿ ಹಿಡಕೊಂಡು ಬಂದಿದ್ದ. ಮಷಿನ್ ಏಳಲಿಲ್ಲ. ಡಾಕ್ಟರ್ ಬಾಯಾರು ಏನೂ ನೋಡದೇ ಇಲ್ಲಿಗಿ ಕಳಿಸಿದ್ರು. ಆತ ಉಳದಾನ, ಖರೆ. ಇನ್ನೊಬ್ಬಾಂವ ಉಳೀತಾನಂತ ಯಾರ್ ಹೇಳಬೇಕ್ರಿ?” ಎಂದರು.

ಆ ಮಾತು ನನ್ನನ್ನು ಹಿಂಬಾಲಿಸಿತು. ಒಂದೂರಿನಲ್ಲಿ ಏಳುವ ಯಂತ್ರ ಇನ್ನೊಂದೂರಿನಲ್ಲಿ ಏಳದೆಂದರೆ ನನ್ನ ವಿದ್ಯೆಗೆ ಸಿಗದ ಯಾವುದೋ ಅಲ್ಲಿದೆ. ಕಾಣುವ ದೋಷಕ್ಕೆ ನಾನು ಎಂದೂ ಹೆದರಿದವನಲ್ಲ. ಕಣ್ಣೆದುರು ಮರೆಯಾಗಿ ಬೆನ್ನ ಹಿಂದೆ ಮರಳುವ ದೋಷಕ್ಕೆ ಹೆದರಿದೆ.

ಅಂದು ಯಂತ್ರವನ್ನು ಅವರ ಕೈಯಲ್ಲೇ ಹಿಂದಕ್ಕೆ ಕಳಿಸಿದೆ. ಎರಡು ದಿನ ಬಿಟ್ಟು, ಹಳೆಯ ಫರ್ಮ್‌ವೇರನ್ನು ಸಿ.ಡಿ.ಯಲ್ಲಿ ಬರೆದುಕೊಂಡು, ನಾನೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಫರ್ಮ್‌ವೇರ್ ಬದಲಿಸುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಆ ನಿಮಿಷಗಳಲ್ಲಿ ಕರೆಂಟು ಹೋದರೆ ಚಿಪ್ಪಿನಲ್ಲಿ ಹಳೆಯ ಪಾಠವೂ ಇರುವುದಿಲ್ಲ, ಹೊಸದೂ ಇರುವುದಿಲ್ಲ. ಯಂತ್ರ ಕಲ್ಲಾಗುತ್ತದೆ. ಕಮಲಾಪುರದಲ್ಲೋ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸೋತಿತ್ತು. ದವಾಖಾನೆಯ ಇನ್ವರ್ಟರ್ ಒಂದು ಟ್ಯೂಬ್‌ಲೈಟಿಗೂ ಏದುಸಿರು ಬಿಡುತ್ತಿತ್ತು.

ದವಾಖಾನೆ ರಸ್ತೆಯ ಬದಿಗೇ ಇತ್ತು. ಎದುರಿಗೆ ಕೆಂಪು ಬಾಳೆಹಣ್ಣಿನ ತಳ್ಳುಗಾಡಿ. ಒಳಗೆ ಡಾಕ್ಟರ ಕುರ್ಚಿಯ ಹಿಂದೆ ಬುದ್ಧನ ಚಿತ್ರ, ಕಂಪೌಂಡರರ ಕಿಟಕಿಯ ಪಕ್ಕದ ಗೋಡೆಯ ಮಾಡದಲ್ಲಿ ಬಸವಣ್ಣನ ಪಟ. ಡಾಕ್ಟರ್ ಸುಜಾತಾ ಕೋಟನೂರಿನವರು, ಮೂವತ್ತೈದರ ಒಳಗಿನ ಹೆಣ್ಣುಮಗಳು. “ಪೂಜಿ, ಊದಿನಕಡ್ಡಿ ಎಲ್ಲಾ ಶರಣಪ್ಪ ಕಾಕಾನ ಇಲಾಖೆ ರೀ ಸರ್. ಅದರಾಗ ನಾ ಬಾಯಿ ಹಾಕಂಗಿಲ್ಲ,” ಎಂದು ನಕ್ಕು, ಯಂತ್ರದ ಮುಂದೆ ಕುರ್ಚಿ ಎಳೆದು ಕೊಟ್ಟರು.

ಗುಂಡಿ ಒತ್ತಿದೆ. ಕಪ್ಪು ಪರದೆಯ ಎಡಮೂಲೆಯಲ್ಲಿ ಒಂದು ಬಿಳಿಯ ಗೆರೆ ಮಿಟುಕುತ್ತ ನಿಂತಿತು. ಅಷ್ಟೇ. ಕೇಳಿದ್ದನ್ನು ಆಗ ಕಣ್ಣಾರೆ ಕಂಡೆ. ಪ್ಲಗ್ಗಿನ ವೋಲ್ಟೇಜ್ ಅಳೆದೆ, ಅರ್ಥಿಂಗ್ ನೋಡಿದೆ; ಸರಿಯಾಗಿದ್ದವು. ಇ.ಸಿ.ಜಿ. ಪೆಟ್ಟಿಗೆಯಿಂದಲೋ ಪ್ರಿಂಟರಿನಿಂದಲೋ ತೊಂದರೆಯಿರಬಹುದೆಂದು, “ಶರಣಪ್ಪನವರೇ, ಕರೆಂಟಿನದೊಂದು ಬಿಟ್ಟು ಹಿಂದಿನ ವೈರೆಲ್ಲ ತೆಗೆಯಿರಿ” ಎಂದೆ. ಅವರು ಮೇಜಿನ ಆ ಬದಿಯಲ್ಲಿ ಬಗ್ಗಿ, “ವೈರೆಲ್ಲಾ ತಗದೀನ್ರಿ” ಎಂದರು. ಮತ್ತೆ ಗುಂಡಿ ಒತ್ತಿದೆ. ಅದೇ ಕಪ್ಪು, ಅದೇ ಮಿಟುಕು.

ಉಳಿದದ್ದು ಫರ್ಮ್‌ವೇರ್ ಒಂದೇ. ಸಿ.ಡಿ. ಕೈಗೆತ್ತಿಕೊಂಡೆ.

“ನಡಬರಕ ಕರೆಂಟ್ ಹೋತಂದ್ರ ಏನಾಗ್ತದ್ರಿ ಸರ್?” ಎಂದು ಡಾಕ್ಟರ್ ಕೇಳಿದರು.

“ಅಮ್ಮಾ, ಆಗ ಇದು ಹದಿನೈದು ನಿಮಿಷಕ್ಕೂ ಏಳುವುದಿಲ್ಲ. ಎಂದೂ ಏಳುವುದಿಲ್ಲ.”

ಅವರು ಬುದ್ಧನ ಚಿತ್ರದ ಕಡೆ ನೋಡಲಿಲ್ಲ, ಟ್ಯೂಬ್‌ಲೈಟಿನ ಕಡೆ ನೋಡಿದರು.

ಅಷ್ಟರಲ್ಲಿ ಚಹಾ ತಂದ ಶರಣಪ್ಪನವರ ಕೈಯಲ್ಲಿ ಕಪ್ಪು-ಬಸಿ ಗಲಗಲ ಸದ್ದು ಮಾಡಿತು. ತಿರುಗಿ ನೋಡಿದೆ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಚಹಾ ಮೇಜಿನ ಮೇಲಿಟ್ಟು, ಎಡ ಭುಜವನ್ನು ಒತ್ತಿಕೊಳ್ಳುತ್ತ ಸ್ಟೂಲಿನ ಮೇಲೆ ಕುಳಿತರು.

“ಏನಾತು ಕಾಕಾ?”

“ಏನಿಲ್ಲವ್ವಾ. ಗ್ಯಾಸ್. ಮುಂಜಾನಿ ಮಿರ್ಚಿ ಭಜಿ ತಿಂದಿದ್ದೆ.”

ಡಾಕ್ಟರ್ ಅವರನ್ನು ಮಂಚದ ಮೇಲೆ ಮಲಗಿಸಿ, ನಾಡಿ ಹಿಡಿದು, ಆಸ್ಪಿರಿನ್ ಮಾತ್ರೆ ಅಗಿಯಲು ಕೊಟ್ಟರು. ಎದುರಿನ ಬಾಳೆಹಣ್ಣಿನವನನ್ನು ಕೂಗಿ ಜೀಪು ತರಲು ಓಡಿಸಿದರು.

“ಜೀಪ್ ಯಾಕವ್ವಾ? ನಾ ಎಲ್ಲಿಗೂ ಬರಂಗಿಲ್ಲ. ಗ್ಯಾಸಿಗಿ ಯಾರರ ಕಲಬುರ್ಗಿಗಿ ಹೋಗ್ತಾರೇನು? ಮಂದಿ ನಗ್ತಾರ.”

“ನಗಲಿ. ಸುಮ್ಮ ಮಲಗು.” ಆಮೇಲೆ ನನ್ನತ್ತ ತಿರುಗಿ ಮೆಲ್ಲನೆ ಹೇಳಿದರು: “ಸರ್, ಗೆರಿ ನೋಡದೇ ಈತ ಒಪ್ಪಾಂವಲ್ಲ. ಕಾಗದ ಕೈಯಾಗ ಇದ್ರ ದೊಡ್ಡ ದವಾಖಾನ್ಯಾಗ ಒಳಗ ಹೋಗೂದರಾಗೇ ಇಂಜೆಕ್ಷನ್ ಕೊಡ್ತಾರ. ಜೀಪ್ ಬರೂದರೊಳಗ ಇದನ್ನ ಎಬ್ಬಸ್ರಿ. ಹ್ಯಾಂಗರೆ ಮಾಡಿ ಎಬ್ಬಸ್ರಿ.”

ಇ.ಸಿ.ಜಿ. ಪೆಟ್ಟಿಗೆಯ, ಪ್ರಿಂಟರಿನ ವೈರುಗಳನ್ನು ಮರಳಿ ಸಿಕ್ಕಿಸಲು ನಾನೇ ಮೇಜಿನ ಹಿಂಬದಿಗೆ ಹೋದೆ. ಇಷ್ಟದೈವವನ್ನು ನೆನೆದೆ. ಆಗ ಕಣ್ಣಿಗೆ ಬಿತ್ತು. ಲ್ಯಾಪ್‌ಟಾಪಿನ ಬೆನ್ನಿನಲ್ಲಿ ಅರಿಷಿಣದ ದಾರ ಸುತ್ತಿ, ಅರಿಷಿಣದ ಕೊಂಬು ಕಟ್ಟಿ, ಕುಂಕುಮ ಹಚ್ಚಿದ ಬೆರಳುದ್ದದ ವಸ್ತು. ದಾರದ ಎಳೆಗಳ ನಡುವಿನಿಂದ ಒಂದು ಕೆಂಪು ದೀಪ ಮಿಟುಕುತ್ತಿತ್ತು. ಪೆನ್‌ಡ್ರೈವ್.

“ಶರಣಪ್ಪನವರೇ, ಇದೇನು?”

“ಕಂಕಣರಿ,” ಎಂದರು ಮಲಗಿದಲ್ಲಿಂದಲೇ. “ಅದರಾಗ ವಚನದ ಹಾಡು ಅವ. ದಿನಾ ಮುಂಜಾನಿ ಹಚ್ತೀನಿ. ದಸರಾದ ಖಂಡೆ ಪೂಜಾದಾಗ ಮಷಿನ್ನಿಗಿ ಕಂಕಣ ಕಟ್ಟಬೇಕಲ್ರೀ. ಅದಕ್ಕ ಮುಂಗೈ ಎಲ್ಲದ? ಅಲ್ಲೇ ಕಟ್ಟೀನಿ.”

ಆ ಕ್ಷಣ ನನ್ನೊಳಗೆ ಪಾಠಶಾಲೆಯ ಬಾಲ್ಯ ಎದ್ದು ಕುಳಿತಿತು. ಕಂಕಣ ಕಟ್ಟಿಸಿಕೊಂಡವರಿಗೆ ಒಂದು ಕಟ್ಟಳೆಯುಂಟು. ವ್ರತ ಮುಗಿದು ಕಂಕಣ ಬಿಚ್ಚುವ ತನಕ ಅವರು ಊರಿನ ಸೀಮೆ ದಾಟಬಾರದು. ಇದನ್ನು ಬಲ್ಲ ಶರಣಪ್ಪನವರು ಯಂತ್ರವನ್ನು ಸೀಮೆ ದಾಟಿಸಿದ್ದು ಹೇಗೆ?

“ಕಲಬುರಗಿಗೆ ತಂದಾಗ ಇದು ಇರಲಿಲ್ಲವಲ್ಲ?”

“ಹ್ಯಾಂಗ ತರಲಿರಿ? ಕಂಕಣ ಕಟ್ಟಿದ್ದು ಸೀಮಿ ದಾಟಬಾರದು. ನಿಮಗ ಗೊತ್ತಿಲ್ಲದ್ದೇನು? ತಗದು ದೇವರ ಮಾಡದಾಗ ಇಟ್ಟು ಬರ್ತಿದ್ದೆ. ಹೊಳ್ಳಿ ಬಂದ ಕೂಡ್ಲೇ ಹಚ್ತಿದ್ದೆ.”

ಮಳಿಗೆಯಲ್ಲಿ ಯಂತ್ರ ಏಳುತ್ತಿದ್ದದ್ದೂ ಊರಿನಲ್ಲಿ ಏಳದಿದ್ದದ್ದೂ ಆ ಒಂದು ಮಾತಿನಲ್ಲಿ ಬಿಡಿಸಿಕೊಂಡವು. ವೈರು ತೆಗೆಯಿರೆಂದರೆ ಅವರು ವೈರನ್ನೇ ತೆಗೆದಿದ್ದರು, ಕಂಕಣ ವೈರಲ್ಲ. ನಾನು ಪೆನ್‌ಡ್ರೈವಿಗೆ ಕೈ ಹಾಕಿದೆ. ಶರಣಪ್ಪ ಗಾಬರಿಯಿಂದ ಅರ್ಧ ಎದ್ದರು.

“ಬ್ಯಾಡ್ರಿ ಆಚಾರ್ರ! ನಾ ಮಲಗೀನಿ, ನೀವು ಕಂಕಣ ಹರೀತೀರೇನು? ಮಾಡದಾಗ ಇಡೂದಾದ್ರ ನಾನೇ ಇಡಬೇಕು. ನನಗ ಅಂಜಿಕಿ ಆಗ್ತದ.”

ಡಾಕ್ಟರ್ ಅವರ ಎರಡೂ ಭುಜ ಹಿಡಿದು ಮಲಗಿಸಲು ನೋಡಿದರು. ಆ ಎದೆಯ ಮೇಲೆ ಈಗ ಭಯದ ಭಾರವನ್ನೂ ಹೊರಿಸಬಾರದಿತ್ತು. ಕಸಿದು ತೆಗೆಯುವುದು ನನ್ನಿಂದಾಗಲಿಲ್ಲ. ನಾನು ಗಟ್ಟಿಯಾಗಿ, ಅವರಿಗೆ ಕೇಳುವಂತೆ, ಕಂಕಣ ವಿಸರ್ಜನೆಯ ಮಂತ್ರ ಹೇಳಿದೆ. ನಾಲಗೆ ಎರಡು ಕಡೆ ತೊದಲಿತು. ಜೀವಮಾನದಲ್ಲಿ ಅಷ್ಟು ಅವಸರದಿಂದಲೂ ಅಷ್ಟು ಭಯಭಕ್ತಿಯಿಂದಲೂ ನಾನು ಮಂತ್ರ ಹೇಳಿದ್ದಿಲ್ಲ. ಮುಗಿಸಿ, “ಶರಣಪ್ಪನವರೇ, ವಿಧಿಪೂರ್ವಕ ವಿಸರ್ಜನೆಯಾಯಿತು. ಇನ್ನು ಇದು ಬರಿಯ ದಾರ. ತೆಗೆಯಲೇ?” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ತಗೀರಿ,” ಎಂದು ತಲೆಯನ್ನು ದಿಂಬಿಗೆ ಇಳಿಸಿದರು.

ತೆಗೆದೆ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆ, ಬಿಳಿಯ ಗೆರೆ. ಗೆರೆ ಮಿಟುಕಿತು. ಮತ್ತೆ ಮಿಟುಕಿತು. ಕರೆಂಟೊಂದು ಇರಲಿ ಎಂದು ಬೇಡಿಕೊಂಡೆ. ಗೆರೆ ಮಾಯವಾಗಿ ಪರದೆ ಬೆಳಗಿತು.

ಡಾಕ್ಟರ್ ವೈರುಗಳನ್ನು ಅಂಟಿಸಿದರು. ಗೆರೆಗಳು ಓಡತೊಡಗಿದವು. ಆ ಗೆರೆಗಳನ್ನು ಓದಲು ನನಗೆ ಬಾರದು. ಅವರ ಮುಖವನ್ನು ಓದಿದೆ. ಪ್ರಿಂಟರಿನಿಂದ ಹೊರಬಂದ ಕಾಗದವನ್ನು ಶರಣಪ್ಪನವರ ಮುಂದೆ ಹಿಡಿದು, “ಕಾಕಾ, ಇದು ಭಜಿ ಅಲ್ಲ, ಹಾರ್ಟ್ ಅಟ್ಯಾಕ್. ಈಗ ಬರ್ತಿಯೋ ಇಲ್ಲೋ?” ಎಂದರು. ಹೊರಗೆ ಜೀಪು ಬಂದು ನಿಂತಿತು.

ದಾರಿಯಲ್ಲಿ ಡಾಕ್ಟರ್ ಶರಣಪ್ಪನವರ ನಾಡಿ ಬಿಡಲಿಲ್ಲ. ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಊರ ಅಗಸಿಬಾಗಿಲು ದಾಟುವಾಗ ಅವರು ಕಣ್ಣು ತೆರೆದು, “ನನಗಂತೂ ಕಂಕಣ ಇಲ್ರಿ ಆಚಾರ್ರ, ಸೀಮಿ ದಾಟಬಹುದು” ಎಂದರು. ಡಾಕ್ಟರ್ ನಗಲು ಹೋಗಿ ಅತ್ತರು. ಕಲಬುರಗಿಯ ಆಸ್ಪತ್ರೆಯ ಬಾಗಿಲಲ್ಲಿ ಆ ಕಾಗದವನ್ನು ನೋಡಿದವರು ಮರುಪ್ರಶ್ನೆ ಕೇಳಲಿಲ್ಲ; ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಮರುದಿನ ಸಂಜೆಯ ತನಕ ಏನೂ ಹೇಳಲಾಗದು ಎಂದಿದ್ದರು. ಆ ಸಂಜೆ ಬರುವವರೆಗೆ ನಾನು ಜಪಮಾಲೆ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ಸಂಜೆ ಶರಣಪ್ಪ ಚಹಾ ಕೇಳಿದರು.

ಆಮೇಲೆ ನಾನು ಯಂತ್ರಕ್ಕೆ ಮಾಡಿದ ದುರಸ್ತಿ ಇಷ್ಟೇ. ಹೊಸ ಫರ್ಮ್‌ವೇರ್ ಹಾಕಿದಾಗ ಸೆಟ್ಟಿಂಗುಗಳೆಲ್ಲ ಕಾರ್ಖಾನೆಯ ಕ್ರಮಕ್ಕೆ ಮರಳಿದ್ದವು. ಮೊದಲು ಹಾರ್ಡ್ ಡಿಸ್ಕಿಗೆ ಹೋಗುತ್ತಿದ್ದ ಯಂತ್ರ ಈಗ ಮೊದಲು ಯು.ಎಸ್.ಬಿ.ಯನ್ನು ಕೇಳುತ್ತಿತ್ತು. ಅಲ್ಲಿದ್ದ ಸವೆದ ಪೆನ್‌ಡ್ರೈವ್ ಇಲ್ಲ ಎನ್ನದೆ, ಇದೆ ಎಂದೂ ಅನ್ನದೆ ಸತಾಯಿಸುತ್ತಿತ್ತು. ಹಾರ್ಡ್ ಡಿಸ್ಕನ್ನು ಮೊದಲಿಗೆ ತಂದೆ. ಸಿ.ಡಿ.ಯನ್ನು ಯಂತ್ರಕ್ಕೆ ಹಾಕಲೇ ಇಲ್ಲ. ಅಂದು ನಾನು ಅವಸರಪಟ್ಟು ಫರ್ಮ್‌ವೇರಿಗೆ ಕೈ ಹಾಕಿ, ನಡುವೆ ಕರೆಂಟು ಹೋಗಿದ್ದರೆ? ಈ ಪ್ರಶ್ನೆ ಈಗಲೂ ಸಂಧ್ಯಾವಂದನೆಯ ನಡುವೆ ಬಂದು ನಿಲ್ಲುತ್ತದೆ.

ಅನಂತರದ ನನ್ನ ಸೇವಾವಧಿಯಲ್ಲಿ ಕೆಟ್ಟ ಯಂತ್ರ ಮೇಜಿಗೆ ಬಂದಾಗಲೆಲ್ಲ, ಅದರೊಡನೆ ಏನು ಬಂದಿಲ್ಲ ಎಂದು ಮೊದಲು ಕೇಳಿದೆ. ಜನ ಭಕ್ತಿಯಿಂದ ಮುಚ್ಚಿಟ್ಟ ಜಾಗವಿದ್ದರೆ ಕೈಮುಗಿದು, ಅನುಮತಿ ಪಡೆದು, ಅಲ್ಲಿಯೂ ನೋಡಿದೆ. ದೇವರಿಗೆ ಹೆದರುವವನು ದೀಪ ಹಿಡಿದು ನೋಡಲು ಹೆದರಬೇಕಾಗಿಲ್ಲವೆಂದು ನನಗೆ ಕಲಿಸಿದ್ದು ಈ ವೃತ್ತಿ.

ಮರುವರ್ಷ ವಿಜಯದಶಮಿಯ ಮರುದಿನ ಶರಣಪ್ಪ ಮಳಿಗೆಗೆ ಬಂದು, ಬನ್ನಿ ಎಲೆ ಕೈಗಿತ್ತು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದು ಕಾಲಿಗೆರಗಲು ಬಂದರು. ಹಿಡಿದೆತ್ತಿ, ಈ ಸಲ ಯಂತ್ರಕ್ಕೆ ಕಂಕಣ ಎಲ್ಲಿ ಕಟ್ಟಿದಿರೆಂದು ಕೇಳಿದೆ.

“ಟೇಬಲ್ ಕಾಲಿಗ್ರಿ,” ಎಂದರು. “ಟೇಬಲ್ ಸೀಮಿ ದಾಟಿ ಎಲ್ಲಿಗಿ ಹೋಗ್ತದ?”