ಮೈದುನನ ಕಾರು, ನನ್ನ ಹಸಿರು ಬಟ್ಟೆ

ಭಾನುವಾರ, ಬೆಳಿಗ್ಗೆ ಐದು ಗಂಟೆ. ಕತ್ರಿಗುಪ್ಪೆಯಲ್ಲಿ ನಮ್ಮ ಮಾವನವರು ಕಟ್ಟಿಸಿದ ಅಂಗಡಿ ಸಾಲಿನ ಕೊನೆಯ ಷಟರ್ ಮುಂದೆ ಹಾಜರಿದ್ದವರು ನಾಲ್ವರು: ನಾನು, ನನ್ನ ಮೈದುನ, ಅವನ ಹೆಂಡತಿ, ಬಾಡಿಗೆ ಟೆಂಪೊದ ಡ್ರೈವರ್. ಮೈದುನನ ಬಲಗಾಲನ್ನು ಬೇರೆಯಾಗಿ ಎಣಿಸಬೇಕು. ಆ ಕಾಲಿಗೆ ಅದರದೇ ಒಂದು ಜೀವವಿತ್ತು. ಅವನು ನಿಂತರೆ ಹಿಮ್ಮಡಿ ನೆಲ ಕುಟ್ಟುತ್ತಿತ್ತು, ಕೂತರೆ ಮಂಡಿ ಕುಣಿಯುತ್ತಿತ್ತು. ಯಾವ ಜೋಡಿ ಚಪ್ಪಲಿ ಕೊಂಡರೂ ಬಲಗಾಲಿನದು ಮೊದಲು ಸವೆಯುತ್ತಿತ್ತು. ಮನೆಯ ಊಟದ ಮೇಜಿನಲ್ಲಿ ಅವನ ಎದುರು ಕೂತವರ ಲೋಟದಲ್ಲಿ ನೀರು ಸದಾ ನಡುಗುತ್ತಿತ್ತು. ಅರವತ್ತರ ಹತ್ತಿರ ಬಂದರೂ ಅದು ನಿಂತಿರಲಿಲ್ಲ.

ನಾನು ಬದುಕಿನ ಬಹುಪಾಲನ್ನು ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿ ಕಳೆದವಳು. ಕುಣಿಯುವ ಕಾಲು ಕಂಡರೆ ನನಗೆ ಆಗದು. ಅಲ್ಲಿ ನಮಗೆ ಮೊದಲ ದಿನವೇ ಕಲಿಸಿದ ನಿಯಮ, ಗಾಯ ಮುಚ್ಚುವ ಮುನ್ನ ಎಣಿಸಬೇಕು. ಕತ್ತರಿ, ಕ್ಲಾಂಪು, ಹತ್ತಿಯ ಪ್ಯಾಡು, ಒಳಗೆ ಹೋದದ್ದೆಲ್ಲ ಹೊರಗೆ ಬಂದಿರಬೇಕು. ಎಣಿಕೆ ತಪ್ಪಿದರೆ ಸಿಸ್ಟರ್ ಬಾಯಿ ಬಿಟ್ಟು ಹೇಳಬೇಕು, ಸರ್ಜನ್ ಕೈ ನಿಲ್ಲಿಸಬೇಕು. ಬರವಣಿಗೆಯಲ್ಲಿ ಇದು ಸರಳ. ದಣಿದು ನಿಂತ ಸರ್ಜನ್‌ಗೆ ಅದನ್ನು ಹೇಳುವುದು ಸರಳವಲ್ಲ. ಕೆಲವರು "ಸರಿಯಾಗಿ ಎಣಿಸಿದ್ದೀರೇನ್ರೀ?" ಎಂದು ಗದರುತ್ತಿದ್ದರು. ಕೆಲವರು ಉಸಿರು ಬಿಟ್ಟು, ಮುಖ ತಿರುಗಿಸಿ, ಮತ್ತೆ ಹುಡುಕುತ್ತಿದ್ದರು. ಪ್ಯಾಡು ಬಹಳ ಸಲ ನೆಲದ ಮೇಲೆಯೇ ಸಿಗುತ್ತಿತ್ತು. ಆಗ ನಾನು ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿತ್ತು. ಮರುದಿನ ಮತ್ತೆ ಎಣಿಸುತ್ತಿದ್ದೆ.

ನಿವೃತ್ತಳಾದ ಮೇಲೆ ಒಂದು ಬೆಳಿಗ್ಗೆ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಎಂದಿನಂತೆ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

"ಅತ್ತಿಗೆ, ನಿಮ್ ಆಸ್ಪತ್ರೆಲಿ ನೂಲು ಬಿಡದಿರೋ ಬಟ್ಟೆ ಇರತ್ತಲ್ಲ, ಆ ಹಸಿರುದು. ಒಂದು ಕೊಡ್ತೀರಾ? ಇಂಜಿನ್ ಒಳಗೆ ಒರೆಸ್ಬೇಕು."

ಬಟ್ಟೆ ಹಿಡಿದು ನಾನೇ ಷಟರ್‌ಗೆ ಹೋದೆ. ಉಳಿದ ಅಂಗಡಿಗಳಲ್ಲಿ ಬೇಕರಿ, ಝೆರಾಕ್ಸ್, ಹೊಲಿಗೆ. ಕೊನೆಯದನ್ನು ಮಾತ್ರ ಅವನು ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ. ಒಳಗೆ ಒಂದೇ ಸೀಟಿನ ರೇಸಿನ ಕಾರು. ಕಬ್ಬಿಣದ ಕೊಳವೆಗಳ ಗೂಡು, ನಡುವೆ ಒಬ್ಬರು ಮಲಗಿದಂತೆ ಕೂರುವ ಜಾಗ, ಬೆನ್ನ ಹಿಂದೆ ಒಂದು ಸಣ್ಣ ಕಾರಿನ ಇಂಜಿನ್, ಮೈಯಿಂದ ಹೊರಗೆ ಚಾಚಿದ ನಾಲ್ಕು ಚಕ್ರ. ಹರೆಯದಲ್ಲಿ ರೇಸುಗಳಲ್ಲಿ ಬೇರೆಯವರ ಕಾರುಗಳನ್ನು ಓಡಿಸಿದ್ದ ಅವನು ಇದನ್ನು ಸ್ವಂತ ಕೈಯಲ್ಲಿ ಕಟ್ಟುತ್ತಿದ್ದ. ಸುತ್ತ ಸ್ಪ್ಯಾನರುಗಳು ಸೀಟಿನ ಮೇಲೆ, ಕಾರಿನ ತಳದಲ್ಲಿ, ಅವನ ಜೇಬಿನಲ್ಲಿ, ತಿಂದು ಬಿಟ್ಟ ಬನ್ನಿನ ಪಕ್ಕದಲ್ಲಿ. ನನ್ನ ಮೈ ಉರಿಯಿತು. ಸ್ಟೂಲಿನ ಮೇಲೆ ಹಸಿರು ಬಟ್ಟೆ ಹಾಸಿ ಎಲ್ಲವನ್ನೂ ಅಳತೆಯ ಪ್ರಕಾರ ಜೋಡಿಸಿದೆ. "ಇನ್ಮೇಲೆ ಕೇಳಿದ್ದು ನಾನು ಕೊಡ್ತೀನಿ. ಕೆಲಸ ಆದ್ಮೇಲೆ ನನ್ನ ಕೈಗೇ ವಾಪಸ್. ಎಣಿಸದೆ ಮುಚ್ಚೋ ಹಾಗಿಲ್ಲ."

"ಇದೇನ್ ಹೊಟ್ಟೆ ಆಪರೇಷನ್ನಾ ಅತ್ತಿಗೆ?"

"ಹೊಟ್ಟೆ ಆದ್ರೆ ನೋವು ಅಂತ ಹೇಳತ್ತೆ. ಇದು ಹೇಳಲ್ಲ."

ಅವನು ನಕ್ಕ. ಆದರೆ ಅಂದಿನಿಂದ ಕೈ ಚಾಚಿ "ಹತ್ತು" ಎಂದರೆ ಹತ್ತರ ಸ್ಪ್ಯಾನರ್ ಅವನ ಅಂಗೈಯಲ್ಲಿ ಬೀಳುತ್ತಿತ್ತು. ದಿನವೂ ಹತ್ತು ಗಂಟೆಗೆ ನಾನು ಹಾಜರು, ಒಂದಕ್ಕೆ ಊಟ. ಒಂದಕ್ಕೆ ಅವನು ಎಂದೂ ಏಳುತ್ತಿರಲಿಲ್ಲ. "ಇನ್ನೊಂದೇ ಎಳೆ ಅತ್ತಿಗೆ" ಎನ್ನುವುದು ಅವನ ಬಾಯಿಪಾಠ. ಸರಿಯಾಗಿ ಕೂತಿದ್ದ ಬೋಲ್ಟನ್ನೂ ಇನ್ನೊಂದು ಎಳೆ ತಿರುಗಿಸಬೇಕು, ತಿರುಗಿಸಿದ್ದನ್ನು ಸಡಿಲಿಸಿ ನೋಡಬೇಕು. ಆ ಕಾರು ಕೆಡುತ್ತಿದ್ದದ್ದು ಬಹುಮಟ್ಟಿಗೆ ಅವನ ಪ್ರೀತಿಯಿಂದಲೇ.

ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವಾಗ ಒಳಗೆ ಕೂತು ಪೆಡಲ್ ಒತ್ತಲು ಒಬ್ಬರು ಬೇಕು. ಅವನ ಹೆಂಡತಿ ಒಲ್ಲೆ ಎಂದಳು. ನಾನು ಸೀರೆ ಎತ್ತಿ ಕಟ್ಟಿ ಆ ಗೂಡಿಗೆ ಇಳಿದೆ. "ಒತ್ತಿ... ಹಿಡ್ಕೊಳಿ... ಬಿಡಿ." ತೆಳು ಕೊಳವೆಯಲ್ಲಿ ಗುಳ್ಳೆಗಳು ಹೊರಬರುವುದನ್ನು ಇಬ್ಬರೂ ನೋಡಿದೆವು. ಡ್ರಿಪ್ಪಿನ ಕೊಳವೆಯಲ್ಲಿ ಗುಳ್ಳೆ ಕಂಡರೆ ನನಗೆ ಹೇಗಾಗುತ್ತಿತ್ತೋ ಹಾಗೆಯೇ ಆಯಿತು. ದಾರಿಯಲ್ಲಿ ಹೋಗುತ್ತಿದ್ದ ಆಟೊದವನು ನಿಲ್ಲಿಸಿ ಇಣುಕಿದ.

"ಸಖತ್ತಾಗಿದೆ ಗುರು! ಮೈಲೇಜ್ ಎಷ್ಟು ಕೊಡುತ್ತೆ?"

"ಈ ಬಂಕಿಂದ ಆ ಬಂಕಿಗೂ ಹೋಗಲ್ಲಣ್ಣ."

"ಮತ್ತೆ ಆಂಟಿ ಎಲ್ಲಿಗೆ ಹೊರಟ್ರು?"

"ಬನಶಂಕರಿ ಗುಡಿಗೆ. ಬರ್ತೀಯಾ?" ಎಂದೆ ನಾನು, ಪೆಡಲಿನಿಂದ ಕಾಲು ತೆಗೆಯದೆ.

ಮೈದುನ ಸ್ಪರ್ಧಿಸುತ್ತಿದ್ದದ್ದು ಸ್ಪ್ರಿಂಟ್ ರೇಸಿನಲ್ಲಿ. ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಒಬ್ಬೊಬ್ಬರಿಗೆ ಎರಡು ಓಟ. ಎರಡರಲ್ಲಿ ಒಳ್ಳೆಯದು ಲೆಕ್ಕಕ್ಕೆ. ಬಹುಮಾನದ ಆಸೆ ಅವನಿಗಿರಲಿಲ್ಲ. ತಾನು ಕಟ್ಟಿದ ಕಾರು ಒಮ್ಮೆಯಾದರೂ ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ತಪ್ಪಿಲ್ಲದೆ ಓಡಬೇಕು, ಅಷ್ಟೇ. ಹೋದಲ್ಲೆಲ್ಲ ಏನಾದರೊಂದು ಕಳಚಿಕೊಂಡು ಅದು ನಡುದಾರಿಯಲ್ಲಿ ನಿಂತಿತ್ತು.

ಕಾಲ ಉಳಿದಿರಲಿಲ್ಲ. ಆ ವರ್ಷ ಅವನು ಎಡಗಡೆಯ ಲೋಟಗಳನ್ನು ಉರುಳಿಸತೊಡಗಿದ್ದ, ಎಡಭುಜವನ್ನು ಬಾಗಿಲ ಚೌಕಟ್ಟಿಗೆ ತಾಗಿಸಿಕೊಳ್ಳುತ್ತಿದ್ದ. ನಾನೇ ಎಳೆದುಕೊಂಡು ಹೋಗಿ ಕಣ್ಣು ತೋರಿಸಿದೆ. ಗ್ಲಾಕೋಮಾ, ಪಕ್ಕದ ನೋಟ ಕುಗ್ಗುತ್ತಿತ್ತು. ಆ ಭಾನುವಾರದ ರೇಸಿಗೆ ಮಾತ್ರ ಡಾಕ್ಟರು ಸಹಿ ಹಾಕಿದರು. "ಇದೇ ಕೊನೆ" ಎಂದರು. ಆಸ್ಪತ್ರೆಯಿಂದ ಬರುವಾಗ ಗಿರಿನಗರದ ಸಿಗ್ನಲ್ಲಿನಲ್ಲಿ ಅವನ ಬಲಗಾಲು ಸ್ಕೂಟರಿನ ಮೇಲೂ ಕುಣಿಯುತ್ತಿತ್ತು.

ಹಾಗಾಗಿ ಆ ಬೆಳಿಗ್ಗೆ ಐದಕ್ಕೆ ಹಾಜರಿದ್ದ ನಾಲ್ವರಿಗೂ ಗೊತ್ತಿತ್ತು, ಇದು ಕೊನೆಯದು. ಕಾರನ್ನು ಟೆಂಪೊಗೆ ಏರಿಸಿ ಹಗ್ಗ ಬಿಗಿದೆವು. ಓರಗಿತ್ತಿ ಆರತಿ ತಟ್ಟೆಯಲ್ಲಿ ಐದು ನಿಂಬೆಹಣ್ಣು ತಂದಿದ್ದಳು. ನಾಲ್ಕು ಚಕ್ರಗಳಿಗೆ ನಾಲ್ಕು, ಒಂದು ಹೆಚ್ಚಿಗೆ. ಅವಳು ರೇಸ್ ನೋಡುವವಳಲ್ಲ. ಕಾರು ಹೊರಟಾಗ ಕಣ್ಣು ಮುಚ್ಚಿ ನಿಂತು, ಸದ್ದು ನಿಂತ ಮೇಲೆ ತೆರೆಯುತ್ತಿದ್ದಳು.

ಹೊಸೂರಿನ ಆಚೆ ಹಳೆಯದೊಂದು ವಿಮಾನದ ಓಡುದಾರಿ. ಮಧ್ಯಾಹ್ನ ಹನ್ನೆರಡರ ತನಕ ಮಾತ್ರ ಅದು ರೇಸಿಗೆ. ಓರಗಿತ್ತಿ ಕಾರಿನ ಸೀಟಿನ ಮೇಲೆ ತಟ್ಟೆ ಇಟ್ಟು ಕರ್ಪೂರ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಕಾರು ಅವನ್ನು ಜಜ್ಜಿಕೊಂಡು ಸಾಲಿಗೆ ಹೋಯಿತು.

ಮೊದಲ ಓಟದಲ್ಲಿ ಅರ್ಧ ದಾರಿಗೆ ಗೇರ್ ಜಾರಿತು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮೈದುನ ಹೆಲ್ಮೆಟ್ ತೆಗೆಯುವ ಮೊದಲೇ ಕೈ ಚಾಚಿದ. "ಹನ್ನೆರಡು." ಕೊಟ್ಟೆ. ಪೆಡಲುಗಳನ್ನು ಮುಚ್ಚುವ ಕಾರಿನ ಮೂತಿ ಬಿಚ್ಚಿದೆವು, ಗೇರಿನ ಸರಳು ಸರಿಪಡಿಸಿದ. ಸುತ್ತ ಉಳಿದವರ ಕಾರುಗಳು ಒಂದೊಂದಾಗಿ ಗರ್ಜಿಸಿ ಹೋಗುತ್ತಿದ್ದವು. ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿತ್ತು.

"ಇನ್ನೊಂದೇ ಎಳೆ..."

"ಬೇಡ. ಕೈ ತೆಗಿ."

ಅವನು ಕೈ ತೆಗೆದ. ಸ್ಪ್ಯಾನರುಗಳನ್ನು ಎಣಿಸಿದೆ. ಎಲ್ಲವೂ ಇದ್ದವು. ಮೂತಿ ಮುಚ್ಚಿ, ಬೆಲ್ಟು ಬಿಗಿದು, ಕಾರನ್ನು ಗೆರೆಗೆ ತಳ್ಳಿದೆವು. ಅವನದೇ ಕೊನೆಯ ಕಾರು. ಬಾವುಟ ಹಿಡಿದವನು ಗಡಿಯಾರ ನೋಡಿ, "ಬೇಗ ಅಂಕಲ್, ಟೈಮ್ ಆಯ್ತು" ಎಂದ. ನಾನು ಟೆಂಪೊದಲ್ಲಿ ತಂದಿದ್ದ ಸ್ಟೂಲಿನ ಬಳಿಗೆ ತಿರುಗಿದೆ. ಪಕ್ಕದಲ್ಲಿ ಆರತಿ ತಟ್ಟೆ ಇತ್ತು. ಕುಂಕುಮ, ಕರ್ಪೂರದ ಡಬ್ಬಿ. ಹೆಚ್ಚಿಗೆ ತಂದ ನಿಂಬೆಹಣ್ಣು ಇರಲಿಲ್ಲ.

ಬೆಳಿಗ್ಗೆಯಿಂದ ತಟ್ಟೆ ಎಲ್ಲೆಲ್ಲಿಗೆ ಹೋಗಿತ್ತೆಂದು ನೆನೆಸಿಕೊಂಡೆ. ಪೂಜೆಗೆ ಸೀಟಿನ ಮೇಲೆ, ಮೂತಿ ಬಿಚ್ಚಿದ್ದಾಗ ಪೆಡಲುಗಳ ಪಕ್ಕದ ಅಂಚಿನ ಮೇಲೆ. ಹಿಂದಿನ ರೇಸಿನಲ್ಲಿ ಒಬ್ಬರ ಕಾರಿನಲ್ಲಿ ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಹಿಂದೆ ಸಿಕ್ಕಿಕೊಂಡಿತ್ತು. ಕಾರು ಹುಲ್ಲಿನ ಪಿಂಡಿಗಳನ್ನು ಸೀಳಿಕೊಂಡು ಹೋಗಿದ್ದನ್ನು ನಾವಿಬ್ಬರೂ ನೋಡಿದ್ದೆವು. ನಿಂಬೆಹಣ್ಣು ಬಾಟಲಿಗಿಂತ ಚೆನ್ನಾಗಿ ಉರುಳುತ್ತದೆ.

ಓರಗಿತ್ತಿ ಎಲ್ಲೂ ಕಾಣಲಿಲ್ಲ. ನಾನು ಓಡಿದೆ. ಆ ವಯಸ್ಸಿನಲ್ಲಿ ಓಡಿದ್ದು ಅದೊಂದೇ ಸಲ. ಕಾರಿನ ಮುಂದೆ ಕೈ ಎತ್ತಿ ನಿಂತೆ. ಇಂಜಿನ್ ಕಿರುಚುತ್ತಿತ್ತು. ಹೆಲ್ಮೆಟ್ಟಿನ ಗಾಜಿನ ಹಿಂದೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು.

"ಲೆಕ್ಕ ತಪ್ಪಿದೆ. ಇಳಿ."

ಬಾವುಟದವನು ಬೈದ. "ಏನ್ ಆಂಟಿ, ಟ್ರ್ಯಾಕ್ ಮೇಲೆ ಬರ್ತೀರಾ? ಇವರು ಇಳಿದ್ರೆ ಅವಕಾಶ ಹೋಯ್ತು, ಗೊತ್ತಾ?"

"ಗೊತ್ತು" ಎಂದೆ.

ಮೈದುನ ಇಂಜಿನ್ ನಿಲ್ಲಿಸಿದ. ಏನು, ಯಾಕೆ ಎನ್ನಲಿಲ್ಲ. ಬೆಲ್ಟಿನ ಬಿಲ್ಲೆ ತಿರುಗಿಸಿ ಬಿಚ್ಚಿದ, ಇಳಿಯಲು ಅಡ್ಡವಾಗುವ ಸ್ಟೀರಿಂಗ್ ಕಳಚಿ ನನ್ನ ಕೈಗೆ ಕೊಟ್ಟ, ಇಳಿದ. ಇಬ್ಬರೂ ಮೂತಿ ಬಿಚ್ಚಿದೆವು. ಪೆಡಲುಗಳ ಹಿಂದೆ ಬೆರಳಾಡಿಸಿದೆ, ಸೀಟು ಎತ್ತಿದೆ, ತಳದಲ್ಲಿ ಮಲಗಿ ನೋಡಿದೆ. ಏನೂ ಇರಲಿಲ್ಲ. ಅಷ್ಟರಲ್ಲಿ ಬಾವುಟ ಸುತ್ತಿದ್ದರು. ದೂರದ ತುದಿಯಲ್ಲಿ ಯಾರೋ ದಾರಿಯ ಗುರುತಿಗೆ ಇಟ್ಟಿದ್ದ ಪ್ಲಾಸ್ಟಿಕ್ ಶಂಕುಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸುತ್ತಿದ್ದರು.

ಆಗ ಓರಗಿತ್ತಿ ಟೆಂಪೊದ ಹಿಂದಿನಿಂದ ಬಂದಳು, ಕೈಯಲ್ಲಿ ಫ್ಲಾಸ್ಕು. ಕಾರು ನಿಂತಿದ್ದು ಕಂಡು ಮುಖ ಅರಳಿತು. "ಆಗೋಯ್ತಾ? ನಾನು ಕಣ್ಣು ಮುಚ್ಕೊಂಡೇ ಇದ್ದೆ."

"ಇನ್ನೊಂದು ನಿಂಬೆಹಣ್ಣು ಏನ್ಮಾಡ್ದೆ?" ಎಂದೆ.

"ಪಾನಕಕ್ಕೆ ಹಿಂಡ್ದೆ ಅಕ್ಕ. ಇವ್ರು ಬಿಸಿಲಲ್ಲಿ ಬರ್ತಾರಲ್ಲ ಅಂತ."

ಥಿಯೇಟರಿನಲ್ಲಿ ಪ್ಯಾಡು ನೆಲದ ಮೇಲೆ ಸಿಕ್ಕಾಗ ನಿಲ್ಲುತ್ತಿದ್ದಂತೆ ನಿಂತೆ. ಮೈದುನ ಹೆಂಡತಿಯ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ನಿಂತಲ್ಲೇ ಒಂದೇ ಉಸಿರಿಗೆ ಕುಡಿದ. ಬಾಯಿ ಒರೆಸಿಕೊಂಡ.

"ಉಪ್ಪು ಕಮ್ಮಿ ಆಯ್ತು ಕಣೇ."

ಅವಳಿಗೆ ಆಮೇಲೆಯೂ ಅವನು ಸಂಗತಿ ಹೇಳಲಿಲ್ಲ, ನೀವೂ ಹೇಳಬೇಡಿ ಎಂದು ನನ್ನನ್ನು ಕೇಳಿಕೊಂಡ. ಕಾರು ಪೂರ್ತಿ ಓಡಿತೆಂದೇ ಅವಳು ಇಂದಿಗೂ ನಂಬಿದ್ದಾಳೆ. ಈ ಬರಹ ಓದಿದರೆ ತಿಳಿಯುತ್ತದೆ. ತಿಳಿಯಲಿ.

ಅವನು ಹೋಗಿ ಈಗ ಒಂದು ಮಳೆಗಾಲ ಕಳೆದಿದೆ. ಕಣ್ಣಲ್ಲ, ಹೃದಯ. ಮೊದಲ ಸಲ ಎದೆನೋವು ಬಂದು ಆಪರೇಷನ್‌ಗೆ ಒಯ್ಯುವಾಗ ಅಲ್ಲಿನ ಸಿಸ್ಟರಿಗೆ, "ಎಲ್ಲ ಎಣಿಸಿ ಮುಚ್ಚಿ ಮೇಡಂ, ನಮ್ಮತ್ತಿಗೆ ಆಚೆ ಕೂತಿದಾರೆ, ಕೇಳ್ತಾರೆ" ಎಂದನಂತೆ. ಆ ಹುಡುಗಿ ಹೊರಗೆ ಬಂದು ನನ್ನನ್ನು ಹುಡುಕಿ ಹೇಳಿದಳು. ಆ ಸಲ ಮನೆಗೆ ಬಂದ, ಇನ್ನೊಂದು ಸಲ ಬರಲಿಲ್ಲ. ಊಟದ ಮೇಜಿನಲ್ಲಿ ಈಗ ನೀರು ಅಲುಗುವುದಿಲ್ಲ. ಅಲುಗದ ನೀರನ್ನು ನೋಡುತ್ತ ನನಗೇ ಕೂರಲಾಗದೆ ಏಳುತ್ತೇನೆ. ಷಟರ್ ಕೇಳಿಕೊಂಡು ಮೊಬೈಲ್ ಅಂಗಡಿಯವರು ಬಂದುಹೋದರು. ಓರಗಿತ್ತಿ ನನ್ನ ಮುಖ ನೋಡಿದಳು. ಇಲ್ಲ ಎಂದು ಕಳಿಸಿದೆವು.

ಆ ಭಾನುವಾರ ಸಂಜೆ ಕತ್ರಿಗುಪ್ಪೆಗೆ ಮರಳಿದಾಗ ಬೇಕರಿಯಲ್ಲಿ ದೀಪ ಹಚ್ಚಿದ್ದರು. ಕಾರನ್ನು ಇಳಿಸಿ ಒಳಗೆ ತಳ್ಳಿದೆವು. ಓರಗಿತ್ತಿ ಅಡುಗೆಗೆಂದು ಮನೆಗೆ ಹೋದಳು. ನಾನು ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸತೊಡಗಿದೆ. ಅವನು ಕಾರಿನ ಚಕ್ರದ ಮೇಲೆ ಕೂತಿದ್ದ.

"ಸುಮ್ನೆ ಹೋಗ್ಬಹುದಿತ್ತು ನೀನು" ಎಂದೆ. "ನಂಗೆ ಪಕ್ಕಕ್ಕೆ ಸರೀರಿ ಅಂದಿದ್ರೆ ಸರೀತಿದ್ದೆ."

"ನೀವು ಲೆಕ್ಕ ತಪ್ಪಿದೆ ಅಂದ್ರಿ, ಇಳ್ದೆ. ಅದ್ರಲ್ಲೇನಿದೆ ಅತ್ತಿಗೆ?"

ಗದರಿಸದೆ, ಉಸಿರು ಬಿಡದೆ, ಮುಖ ತಿರುಗಿಸದೆ ನನ್ನ ಎಣಿಕೆಗೆ ಕೈ ನಿಲ್ಲಿಸಿದವನು ನನ್ನ ಇಡೀ ಸೇವೆಯಲ್ಲಿ ಇವನೊಬ್ಬನೇ. ಅದನ್ನು ಅವನಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅವನ ಕಾಲು ನೋಡಿದೆ. ಹಿಮ್ಮಡಿ ನೆಲಕ್ಕೆ ಊರಿ ಸುಮ್ಮನಿತ್ತು. ನಾನು ನೋಡುತ್ತಿರುವುದು ಗೊತ್ತಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಕುಣಿಯತೊಡಗಿತು.

"ಎಲ್ಲ ಇದೆಯಾ?" ಎಂದ.

ಹಸಿರು ಬಟ್ಟೆಯ ಮೇಲೆ ಚಿಕ್ಕದರಿಂದ ದೊಡ್ಡದರವರೆಗೆ ಎಣಿಸಿದೆ. ಬಟ್ಟೆ ಮಡಚಿದೆ.

"ಇದೆ."

"ಹಂಗಾದ್ರೆ ಮುಚ್ಚೋಣ" ಎಂದು ಎದ್ದು ಷಟರ್ ಎಳೆದ. ಬೀಗ ನಾನು ಹಾಕಿದೆ.