ಪಂಚಮಿಗೆ ಕರೆಯಲು ಬಂದ ಮೆಸೇಜು

ಅತ್ತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಫೋನು. ಮುಖದ ಮೇಲೆ, ನಾನು ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ಕಾಣದ ಒಂದು ನಗು.

"ಸುನಂದಾ, ನನ್ನ ತಮ್ಮ ಪಂಚಮಿಗೆ ಕರ್ಯಾಕ ಬರಾಕತ್ತಾನ" ಎಂದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. (ಅದನ್ನು ಆಮೇಲೆ ನಮ್ಮವರು ಮರುಮಾತಾಡದೆ ತಿಂದರು. ಸುದ್ದಿ ಅಷ್ಟು ದೊಡ್ಡದಿತ್ತು.)

ಅತ್ತಿ ಎಂದರೆ ನಮ್ಮವರ ತಾಯಿ. ಈ ಅಂಕಣದ ಹಳೆಯ ಓದುಗರಿಗೆ ಅವರು ಗೊತ್ತು. ತಮ್ಮ ಬಂದು ಅಕ್ಕನನ್ನು ಹಬ್ಬಕ್ಕೆ ಕರೆದುಕೊಂಡು ಹೋದರೆ ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ವಿಶೇಷ ಏನಿಲ್ಲ. ನಾಗರ ಪಂಚಮಿ ಬಂದರೆ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಡುವವರೇ. ಆದರೆ ಅತ್ತಿಯ ತಮ್ಮ ನಮ್ಮ ಹೊಸ್ತಿಲು ತುಳಿದು ಇಪ್ಪತ್ತು ವರ್ಷದ ಮೇಲಾಯಿತು. ಅವರ ಊರು ಯಾವಗಲ್. ನಾವಿರುವ ರೋಣದಿಂದ ಬಸ್ ಹತ್ತಿದರೆ ನಿದ್ದೆ ಹತ್ತುವುದರೊಳಗೆ ಊರು ಬರುತ್ತದೆ.

ಹಾಗಾದರೆ ಯಾಕೆ ಬರಲಿಲ್ಲ? ಕಾರಣ ಹೇಳಿಬಿಡುತ್ತೇನೆ. ಕಾರಣ ನಾನು.

ಸೋದರಮಾವನ ಮಗಳನ್ನೇ ನಮ್ಮವರಿಗೆ ತಂದುಕೊಳ್ಳುವುದು ಎಂದು ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮವರು ದೊಡ್ಡವರಾದರು, ಮಾಸ್ತರಾದರು, ಅದೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನನ್ನು ನೋಡಿದರು, "ಮದುವಿ ಆದ್ರ ಇಕಿನ್ನ" ಎಂದು ಪಟ್ಟು ಹಿಡಿದು ಕೂತರು. ಅತ್ತಿ ಅತ್ತರು, ಬೈದರು, ಕೊನೆಗೆ ಮಗನ ಕಡೆ ನಿಂತರು. ಅವರ ತಮ್ಮ ನಮ್ಮ ಮದುವೆಗೆ ಬರಲಿಲ್ಲ. ಆ ವರ್ಷ ಪಂಚಮಿಗೂ ಬರಲಿಲ್ಲ. ಆಮೇಲೆ ಬರುವುದನ್ನೇ ಬಿಟ್ಟರು.

ಆ ಹುಡುಗಿಗೆ ನರಗುಂದದಲ್ಲಿ ಒಳ್ಳೆಯ ಮನೆ ಸಿಕ್ಕಿತು. ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ನನ್ನ ಜೊತೆ ನಗುತ್ತಾ ಮಾತಾಡುತ್ತಾಳೆ. ಸಿಟ್ಟು ಉಳಿದದ್ದು ಅವಳ ಅಪ್ಪನಲ್ಲಿ ಮಾತ್ರ.

ಅತ್ತಿ ನನಗೆ ಸಾರಿಗೆ ಉಪ್ಪು ಹೆಚ್ಚಾದಾಗ ಅಂದಿದ್ದಾರೆ, ಮಕ್ಕಳಿಗೆ ಹೊಡೆದಾಗ ಅಂದಿದ್ದಾರೆ. ಈ ವಿಷಯದಲ್ಲಿ ಮಾತ್ರ ಒಂದು ಮಾತು ಅಂದಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಪ್ರತಿ ಪಂಚಮಿಗೆ ನನ್ನ ತಮ್ಮ ಬೆಳವಣಕಿಯಿಂದ ಬೈಕ್ ಹತ್ತಿ ಬರುತ್ತಾನೆ. "ಅಕ್ಕಾ, ನಡಿ" ಎನ್ನುತ್ತಾನೆ. ಅತ್ತಿ ನನ್ನ ಚೀಲ ಎತ್ತಿಕೊಟ್ಟು, ಬೈಕು ಓಣಿಯ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿರುತ್ತಾರೆ. ನಾನು ಹಿಂದೆ ತಿರುಗಿ ನೋಡುವುದಿಲ್ಲ. ನೋಡಿದರೆ ಹಬ್ಬ ಗಂಟಲಲ್ಲಿ ಇಳಿಯುವುದಿಲ್ಲ.

ಅಂಥದ್ದರಲ್ಲಿ ಈ ಮೆಸೇಜು. ಅತ್ತಿ ಅದನ್ನು ಆಗಲೇ ಬಾಯಿಪಾಠ ಮಾಡಿದ್ದರು. "ಗಂಗಕ್ಕಾ, ಯಾವಗಲ್ ತವರು ನಿನ್ನ ನೆನಸೈತಿ. ಪಂಚಮಿಗೆ ಕರ್ಯಾಕ ಬರ್ತೀವಿ. ತಯಾರಾಗಿರು."

"ಯಾರ ನಂಬರಿಂದ ಬಂದೈತ್ರಿ ಅತ್ತಿ?"

"ಅವನ ಮೊಮ್ಮಗಂದಿರಬೇಕು. ಇಷ್ಟು ವರ್ಷ ಬಿಟ್ಟು ತಾನ ಹ್ಯಾಂಗ ಫೋನ್ ಮಾಡ್ಯಾನು? ನಾಚಿಕಿ ಬರಂಗಿಲ್ಲೇನು?"

ಸರಿಯೇ ಅನ್ನಿಸಿತು. ಪ್ರಶ್ನೆಯನ್ನು ಎರಡು ಸಲ ಓದ್ರೋ ಎಂದು ದಿನಾ ಶಾಲೆಯಲ್ಲಿ ಬಡಕೊಳ್ಳುವ ನಾನು ಆ ಫೋನನ್ನು ಕೈಗೆ ಇಸಿದುಕೊಂಡು ನೋಡಲಿಲ್ಲ. ಯಾಕೆ? ಅದು ಖರೇ ಆಗಲಿ ಎಂಬ ಆಸೆ ನನಗೆ ಅತ್ತಿಗಿಂತ ಹೆಚ್ಚಿತ್ತು.

ಆ ವಾರ ನಮ್ಮ ಮನೆ ಮನೆಯಾಗಿರಲಿಲ್ಲ. ಅತ್ತಿ ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ತಮ್ಮನ ಮನೆಯ ಮಕ್ಕಳಿಗೆಂದು ಕೊಬ್ಬರಿ ಬಟ್ಟಲು, ಅದಕ್ಕೆ ಕಟ್ಟಿ ತಿರುಗಿಸಿ ಆಡಲು ಬಣ್ಣದ ದಾರ ತರಿಸಿದರು. ಆ ಮಕ್ಕಳಿಗೆ ಈಗ ಮೀಸೆ ಬಂದಿದೆ ಎಂದು ಹೇಳುವ ಮನಸ್ಸು ನನಗಾಗಲಿಲ್ಲ. ನಮ್ಮವರು "ಮಾಮಾ ಬಂದ್ರ ಏನ ಮಾತಾಡ್ಲಿ?" ಎಂದು ನನ್ನನ್ನು ಕೇಳಿದರು. ಮಳೆಯ ಬಗ್ಗೆ ಮಾತಾಡಿ ಎಂದೆ. ನನ್ನ ತಮ್ಮನಿಗೆ ಫೋನ್ ಮಾಡಿ, "ಈ ಸಲ ಒಂದ್ ದಿನ ತಡಾ ಮಾಡಿ ಬಾ, ಮೊದಲ ಅತ್ತಿ ಹೋಗ್ಲಿ" ಎಂದೆ. ಅತ್ತಿ ಹೊರಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಬೇಕಿತ್ತು. ಒಮ್ಮೆಯಾದರೂ.

ಇನ್ನೊಂದು ಕೆಲಸವನ್ನೂ ಅತ್ತಿ ಮಾಡಿದ್ದರು. ಓಣಿಯ ಎಲ್ಲ ಮನೆಗಳಿಗೂ ಹೋಗಿ ಹೇಳಿ ಬಂದಿದ್ದರು.

ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಮನೆಮನೆಯಲ್ಲಿ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ನಾಲ್ಕಾರು ಥರದ ಪಲ್ಯ, ಚಟ್ನಿ. ಅವರ ಮನೆಯದು ಇವರಿಗೆ, ಇವರ ಮನೆಯದು ಅವರಿಗೆ. ಅತ್ತಿ ಬೆಳಿಗ್ಗೆಯೇ ಸೀರೆ ಉಟ್ಟು, ಚೀಲ ಪಕ್ಕಕ್ಕಿಟ್ಟುಕೊಂಡು ಬಾಗಿಲ ಕಟ್ಟೆಯ ಮೇಲೆ ಕೂತರು. ರೊಟ್ಟಿ ಕೊಡಲು ಬಂದವರೆಲ್ಲ ಅವರನ್ನು ದಾಟಿಯೇ ಒಳಗೆ ಬರಬೇಕು.

"ಇನ್ನ ಬಂದಿಲ್ಲೇನ್ರಿ ನಿಮ್ಮ ತಮ್ಮಾರು?"

"ಬರ್ತಾನವಾ. ಬಸ್ಸು ಸಿಗಬೇಕಲ್ಲ."

ಮಧ್ಯಾಹ್ನ ಅತ್ತಿಯ ಫೋನು ಚಾರ್ಜಿಗಿತ್ತು. ಎಷ್ಟೊತ್ತಿಗೆ ಬರುತ್ತಾರೆಂದು ಆ ಮೊಮ್ಮಗನನ್ನೇ ಕೇಳೋಣ ಎಂದು ಕೈಗೆತ್ತಿಕೊಂಡೆ. ಅದೇ ನಂಬರಿನಿಂದ ಎರಡನೆಯ ಮೆಸೇಜು ಬಂದಿತ್ತು.

"ಗಂಗಕ್ಕಾ, ತವರಿನ ಉಂಡಿ ತಯಾರ್ ಅದಾವ. ಶೇಂಗಾ, ಎಳ್ಳು, ಬೇಸನ್, ರವಾ, ತಂಬಿಟ್ಟು. ಐದೂ ನಮೂನಿ ಒಂದ ಡಬ್ಬಿಯೊಳಗ." ಕೆಳಗೆ ರೇಟು. "ರೋಣ, ನರಗುಂದ, ಗಜೇಂದ್ರಗಡಕ್ಕ ಮನಿಗೇ ಮುಟ್ಟಸ್ತೀವಿ. ಮೆಸೇಜ್ ಬ್ಯಾಡಾದ್ರ 'ಸಾಕು' ಅಂತ ಬರದು ಕಳಸ್ರಿ."

ಮೊದಲ ಮೆಸೇಜನ್ನೂ ತೆಗೆದು, ಈಗ ಎರಡು ಸಲ ಓದಿದೆ.

ಆಗ ನೆನಪಾಯಿತು. ಒಂದೆರಡು ತಿಂಗಳ ಹಿಂದೆ ಇಟಗಿಗೆ ಭೀಮಾಂಬಿಕೆಯ ದರ್ಶನಕ್ಕೆ ಹೋಗಿದ್ದೆವು. ಹೊರಗೆ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಉಂಡಿ ಇಟ್ಟುಕೊಂಡು ನಿಂತಿದ್ದಳು. ಫೋನ್ ನಂಬರ್ ಕೊಟ್ಟವರಿಗೆ ಒಂದು ಉಂಡಿ ಪುಕ್ಕಟೆ. ಹೆಸರು, ನಂಬರ್ ಕೇಳಿ ಲಿಸ್ಟಿನಲ್ಲಿ ಬರೆದುಕೊಂಡಳು, ಆಮೇಲೆ "ತವರಮನಿ ಯಾವೂರ್ರಿ ಅಕ್ಕಾ?" ಎಂದಳು. ಅತ್ತಿ ಹಿಗ್ಗಿ "ಯಾವಗಲ್ಲವಾ" ಎಂದರು. ಅವರನ್ನು ಆ ಪ್ರಶ್ನೆ ಯಾರು ಕೇಳಿ ಎಷ್ಟು ವರ್ಷವಾಗಿತ್ತೋ. ಓಣಿಯವರಿಗೆ ಊರೂ ಗೊತ್ತು, ಜಗಳವೂ ಗೊತ್ತು, ಹಾಗಾಗಿ ಯಾರೂ ಕೇಳುವುದಿಲ್ಲ.

ನನ್ನ ಫೋನಿನಲ್ಲೂ ಇಂಥವು ದಿನಾ ಬರುತ್ತವೆ. ನಿಮ್ಮದರಲ್ಲಿ ಬರುವುದಿಲ್ಲವೇ? ಎಂದೋ ಒಮ್ಮೆ ಮೂಗುಬೊಟ್ಟು ಕೊಂಡ ಬಂಗಾರದ ಅಂಗಡಿಯವರು "ಸುನಂದಾ ಅವರೇ, ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದ್ದೇವೆ" ಎನ್ನುತ್ತಾರೆ. ಬಟ್ಟೆ ಅಂಗಡಿಯವರು ನನ್ನ ಹುಟ್ಟಿದ ದಿನವನ್ನು ನಮ್ಮವರಿಗಿಂತ ಮೊದಲು ನೆನಪಿಡುತ್ತಾರೆ. ನಾನು ಓದದೆ ಅಳಿಸುತ್ತೇನೆ. ಯಾಕೆಂದರೆ ನನ್ನನ್ನು ಕರೆಯುವವರು ಬೇರೆ ಇದ್ದಾರೆ. ಬೇರೆ ಯಾರೂ ಇಲ್ಲದವರು ಅದನ್ನು ಹೇಗೆ ಓದುತ್ತಾರೆ ಎಂದು ಎಂದೂ ಯೋಚಿಸಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ಹಿತ್ತಲಿಗೆ ಹೋಗಿ ಆ ನಂಬರಿಗೆ ಫೋನ್ ಹಚ್ಚಿದೆ.

ಎತ್ತಿದವಳು ಇಟಗಿಯಲ್ಲಿ ಕಂಡ ಆ ಹುಡುಗಿಯೇ, ಗಜೇಂದ್ರಗಡದವಳು. ರೇಣುಕಾ ಎಂದು ಹೆಸರು. ಮೆಸೇಜಿನ ಮಾತೆತ್ತಿದ ಕೂಡಲೇ ಖುಷಿಯಾದಳು. "ಭಾಳ ಚಲೋ ರೆಸ್ಪಾನ್ಸ್ ಬಂದೈತ್ರೀ ಮೇಡಂ. ಗಿರಾಕಿನ್ನ ಹೆಸರ ಹಿಡದ ಕರೀರಿ, ಮನಿಮಂದಿ ಹಂಗ ಮಾತಾಡ್ರಿ ಅಂತ ಟ್ರೇನಿಂಗಿನ್ಯಾಗ ಹೇಳಿದ್ರು. ಹಂಗ ಮಾಡೇನ್ರಿ. ಹೋದ ವರ್ಷದ ಆರ್ಡರಿಗೂ ಈ ವರ್ಷದ್ದಕ್ಕೂ ಭಾಳ ಫರಕ್ ಐತಿ."

ನಾನು ನಡೆದದ್ದನ್ನು ಹೇಳಿದೆ. ನಮ್ಮ ಅತ್ತಿ ಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾರೆ ಎಂದೆ.



"ಕರ್ಯಾಕ ಬರ್ತೀವಿ ಅನ್ನೂ ಮಾತು ನಮ್ಮವ್ವಂದ್ರಿ" ಎಂದಳು. "ಏನ ಬರೀಲಿ ಅಂತ ಅಕೀನ್ನ ಕೇಳಿದ್ದೆ. ಹಿಂಗ ಬರಿ, ಹೆಣ್ಣಮಕ್ಳು ನಿಂತು ಓದ್ತಾರ ಅಂದ್ಲು. ಅಕಿಗೆ ಅಣ್ಣತಮ್ಮರು ಯಾರೂ ಇಲ್ರಿ."

ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಇವಳು ಪಟ್ಟಿ ಮಾಡಿದಳು, ಉಂಡಿ ಮಾರಿದಳು. ಅದು ಅವಳ ಹೊಟ್ಟೆಪಾಡು. ಒಂದು ಸುಳ್ಳು ಮೆಸೇಜನ್ನು ನಂಬುವಷ್ಟು ಅತ್ತಿಯನ್ನು ಹಸಿದಿಟ್ಟವರು ಯಾರು?

ಅವರಿಗೇ ಫೋನ್ ಮಾಡಿದೆ. ನಮ್ಮವರ ಫೋನಿನಲ್ಲಿ ಸೋದರಮಾವನ ನಂಬರ್ ಇತ್ತು, ಒಮ್ಮೆಯೂ ಒತ್ತಿರಲಿಲ್ಲ. ನಾನು ಅವರ ಜೊತೆ ಮಾತಾಡುತ್ತಿದ್ದದ್ದು ಅದೇ ಮೊದಲು.

"ಮಾವಾರ, ನಾನು ರೋಣದಿಂದ ಸುನಂದಾ ಮಾತಾಡೋದ್ರಿ. ನೀವು ಕರ್ಯಾಕ ಬರ್ತೀರಿ ಅಂತ ಅತ್ತಿ ತಯಾರಾಗಿ ಕುಂತಾರ್ರಿ."

"ನಾ ಏನೂ ಹೇಳಿ ಕಳಿಸಿಲ್ಲ."

"ಗೊತ್ತೈತ್ರಿ. ಯಾರದೋ ಮೆಸೇಜು ನಿಮ್ಮದು ಅಂತ ತಿಳಕೊಂಡಾರ. ಮುಂಜಾನಿಂದ ಕುಂತಾರ್ರಿ."

"ಎಲ್ಲಿ?"

"ಹೊರಗ, ಕಟ್ಟಿ ಮ್ಯಾಲೆ."

ಆ ಕಡೆ ಟ್ರ್ಯಾಕ್ಟರ್ ಸದ್ದು ಕೇಳುತ್ತಿತ್ತು, ಮಕ್ಕಳ ಗದ್ದಲ ಕೇಳುತ್ತಿತ್ತು. "ಮನಿ ತುಂಬ ಮಂದಿ ಅದಾರವಾ. ಇಡ್ತೀನಿ" ಎಂದರು. ಇಟ್ಟರು.

"ಅದಾರವಾ" ಎಂದು ಮಾತಿನ ತುದಿಗೆ ಅವ್ವಾ ಸೇರಿಸಿದರಲ್ಲ ಎಂದು ಅದನ್ನೇ ಹಿಡಿದುಕೊಂಡು ಸಂಜೆಯವರೆಗೆ ನಾನೂ ಕಾದೆ. ಬಸ್ಸಿನ ಹಾರ್ನ್ ಕೇಳಿದಾಗೆಲ್ಲ ಕಿಟಕಿಗೆ ಹೋದೆ. ಯಾರು ಬಂದರು? ಯಾರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಾಯಿತು. ಎದುರು ಮನೆಯ ಸೊಸೆ ತನ್ನ ಅಣ್ಣನ ಬೈಕ್ ಹತ್ತಿ, ಅತ್ತಿಯ ಕಡೆ ಕೈ ಬೀಸಿ ಹೋದಳು. ಅತ್ತಿಯೂ ಬೀಸಿದರು.

ಇನ್ನು ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. "ಅತ್ತಿ, ಒಂದು ಮಾತು ಹೇಳ್ಲೇನ್ರಿ? ಆ ಮೆಸೇಜು ನಿಮ್ಮ ತಮ್ಮಾರದಲ್ರಿ. ಉಂಡಿ ಮಾರವರದು."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ. ಮುಂಜಾನೆ ಇನ್ನೊಂದು ಬಂತಲ್ಲ. ಯಾವ ತವರಿನವ್ರು ಉಂಡಿಗೆ ರೇಟ್ ಬರೀತಾರ?"

"ಮತ್ತ ಯಾಕ್ರಿ ಕುಂತೀರಿ?"

"ಓಣಿಗೆಲ್ಲಾ ಹೇಳಿಬಿಟ್ಟೀನಲ್ಲವಾ. ಹಗಲ ಹೊತ್ತಿನ್ಯಾಗ ಚೀಲ ತಗೊಂಡು ಹ್ಯಾಂಗ ಒಳಗ ಬರ್ಲಿ?"

ನನಗೆ ಅಳು ಬಂತು. ಅತ್ತಿಗೆ ಬರಲಿಲ್ಲ. "ನಾಳೆ ನನ್ನ ತಮ್ಮ ಬರ್ತಾನ್ರಿ. ನೀವೂ ಬೆಳವಣಕಿಗೆ ಬರ್ರಿ ನನ್ನ ಜೋಡಿ" ಎಂದೆ.

"ಅದು ನಿನ್ನ ತವರು. ನೀ ಹೋಗು" ಎಂದರು. ಮುನಿಸಿನಿಂದ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಪೂರ್ತಿ ಕತ್ತಲಾದ ಮೇಲೆ ಚೀಲವನ್ನು ಸೆರಗಿನ ಮರೆಯಲ್ಲಿ ಹಿಡಿದು ಒಳಗೆ ಬಂದರು. ಇಳಕಲ್ ಸೀರೆ ಬಿಚ್ಚಿ ಮಡಿಕೆ ಹಾಕಿ ಟ್ರಂಕಿನ ತಳಕ್ಕಿಟ್ಟರು. ಕೊಬ್ಬರಿ ಬಟ್ಟಲು ನಮ್ಮ ಮನೆಯ ಡಬ್ಬಿ ಸೇರಿದವು.

ನಾನು ಅವರ ಫೋನು ಹಿಡಿದು ಕೂತೆ. ಇಷ್ಟಾದರೂ ಮಾಡೋಣ ಎಂದು ಆ ನಂಬರಿಗೆ "ಸಾಕು" ಎಂದು ಬರೆದೆ. ಕಳಿಸಲು ಹೋದಾಗ ಅತ್ತಿ ನನ್ನ ಕೈ ಹಿಡಿದರು.

"ಬ್ಯಾಡ. ಇರ್ಲಿ ಬಿಡು."

"ಬರೋ ವರ್ಷನೂ ಹಿಂಗ ಕಳಸ್ತಾರ್ರಿ ಅತ್ತಿ."

"ಕಳಿಸ್ಲಿ. ವರ್ಷಕ್ಕೊಮ್ಮಿ ಯಾರರ ಒಬ್ರು ಗಂಗಕ್ಕಾ ಅಂತ ಕರೀಲಿ."

ನಾನು ಬರೆದದ್ದನ್ನು ಅಳಿಸಿದೆ.

ಈ ಘಟನೆಯನ್ನು ಬರೆಯುವ ಯೋಚನೆ ನನಗಿರಲಿಲ್ಲ. ನಿನ್ನೆ ಈ ವಾರ ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳುತ್ತಾ ಕೂತಿದ್ದೆ. ಅತ್ತಿ ಚಹಾ ತಂದಿಟ್ಟು, "ನನ್ನ ಸುದ್ದಿನ ಬರಿ" ಎಂದರು.

"ಓಣ್ಯಾಗ ಎಲ್ಲಾರೂ ಪೇಪರ್ ಓದ್ತಾರ್ರಿ. ನಿಮ್ಮ ತಮ್ಮಾರು ಕರೀಲಿಲ್ಲ ಅಂತ ಗೊತ್ತಾಕ್ಕೈತಿ."

"ಆಗ್ಲಿ. ಅವನೂ ಓದ್ತಾನಲ್ಲ. ಸಣ್ಣಂವ ಇದ್ದಾಗಿಂದ ಪೇಪರ್ ಓದೂ ಚಟ ಅವಂಗ. ಅಕ್ಷರಾ ಕಲಿಸಿದಾಕಿ ನಾನ."

ಓಣಿಯವರ ಮುಂದೆ ಮುಖ ಉಳಿಸಿಕೊಳ್ಳಲು ಒಂದು ಇಡೀ ಹಗಲು ಕಟ್ಟೆಯ ಮೇಲೆ ಕೂತಿದ್ದ ಹೆಂಗಸು ಈ ಮಾತು ಹೇಳಿ ಖಾಲಿ ಲೋಟ ಎತ್ತಿಕೊಂಡು ಹೋದರು. ಹೀಗಾಗಿ ಉಳಿದ ಓದುಗರು ಕ್ಷಮಿಸಬೇಕು. ಈ ವಾರದ ಬರಹ ಯಾವಗಲ್ಲಿನ ಒಬ್ಬರಿಗಾಗಿ ಮಾತ್ರ.

ಮಾವಾರ, ಉಂಡಿ ಮಾರುವವಳ ಲಿಸ್ಟಿನಲ್ಲಿ ನಿಮ್ಮ ಅಕ್ಕನ ಹೆಸರು ಭದ್ರವಾಗಿದೆ. ನಿಮ್ಮ ಲಿಸ್ಟಿನಲ್ಲಿ ಇದೆಯೇ?