ಮೂಕಿ ಚಿತ್ರಕ್ಕೆ ಮಾತಾಡುತ್ತಿದ್ದ ಕುಷ್ಟ

ಅಪ್ಪಿ ಕುಷ್ಟನನ್ನು ಮೊದಲು ಕಂಡದ್ದು ಬಾರ್ಕೂರಿನ ಹೊಳೆಬದಿಯಲ್ಲಿ, ನಲವತ್ತೊಂದನೇ ಇಸವಿಯ ಚಳಿಗಾಲದಲ್ಲಿ. ಅವಳು ಮಡಿವಾಳರ ಹೆಂಗಸು. ಗಂಡ ತೀರಿಕೊಂಡ ಮೇಲೆ ಹತ್ತು ಮನೆಯ ಬಟ್ಟೆಯನ್ನು ಒಬ್ಬಳೇ ಒಗೆಯುತ್ತಿದ್ದಳು. ಎತ್ತರದ, ಒಣಕಲು ಗಂಡಸೊಬ್ಬ ಬಟ್ಟೆಯ ದೊಡ್ಡ ಮುದ್ದೆ ಹೊತ್ತು ಬಂದ.

"ಹ್ವಾಯ್, ಇದ್ನ್ ಬೈಸಾರಿ ಒಳಗ್ ಬೆಳಿ ಮಾಡಿ ಕೊಡ್ಕ್."

"ಎಂತ ಇದ್? ಮದಿ ಚಪ್ರದ್ ಮೇಲ್ಕಟ್ಟಾ?"

"ಅಲ್ಲ ಮಾರಾಯ್ತಿ, ಸಿನೆಮಾದ್ ಪರದಿ. ಈ ಕೆಸ್ರಿನ್ ಗೀರಿಂದ ನಿನ್ನಿ ಒಬ್ಳ್ ದೊರೆಸಾನಿಗೆ ಮೀಸಿ ಬಂದ್ ಹೋಯ್ತ್."

ಅವಳು ತಿಕ್ಕಿ, ಬಡಿದು, ಬಿಸಿಲಿಗೆ ಹಾಕಿ ಸಂಜೆಯಾಗುವ ಮುಂಚೆಯೇ ಕೊಟ್ಟಳು. ಮರುದಿನದಿಂದ ಟೆಂಟಿನ ಕೆಲಸ ಅವಳಿಗೇ ಆಯಿತು.

ಊರೂರು ತಿರುಗುವ ಆ ಸಿನೆಮಾ ಟೆಂಟು ಭೋಜ ಶೆಟ್ಟರದು. ಕುಂದಾಪುರದ ಪೇಟೆಗೆ ಆಗಲೇ ಮಾತಾಡುವ ಚಿತ್ರ ಬಂದಿತ್ತು. ಶೆಟ್ಟರ ಹತ್ತಿರ ಇದ್ದದ್ದು ಯಾರೋ ಬೇಡವೆಂದು ಬಿಟ್ಟ ಹಳೆಯ ಮೂಕಿ ನಗೆಚಿತ್ರಗಳು. ಒಂದೊಂದು ಕಾಲು ಗಂಟೆ. ಬೀಳುವುದು, ಓಡುವುದು, ಒದೆ ತಿನ್ನುವುದು, ಅಷ್ಟೇ. ಅದಕ್ಕೆ ಮಾತು ಕುಷ್ಟನದು. ಅವನು ಹಿಂದೆ ಯಕ್ಷಗಾನ ಮೇಳದಲ್ಲಿ ಹಾಸ್ಯದ ವೇಷ ಮಾಡುತ್ತಿದ್ದವ. ಭಾಗವತರೊಡನೆ ಜಗಳವಾಡಿ ಬಿಟ್ಟ ಮೇಲೆ ಬೇರೆ ಯಾವ ಮೇಳದವರೂ ಸೇರಿಸಿಕೊಳ್ಳಲಿಲ್ಲ. ಪರದೆಯ ಬದಿಗೆ ಬೆಂಚು ಹತ್ತಿ ನಿಂತು ಪ್ರತಿಯೊಂದು ಮೂಕ ಬಾಯಿಗೂ ಕುಂದಾಪ್ರದ ಮಾತು ಕೊಡುತ್ತಿದ್ದ. ದಪ್ಪ ಪೊಲೀಸಿನವನು ನೀರಿನ ತೊಟ್ಟಿಗೆ ಬಿದ್ದರೆ, "ಅಯ್ಯೋ, ಮೀವುಕೆ ಬಿಸ್ನೀರ್ ಕಾಯ್ಸ್ಲಿಲ್ಯನೇ?" ಎಂದು ಹೆಂಡತಿಯನ್ನು ಕೂಗುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಪರದೆಯ ಹಿಂದೆಯೂ ಅರ್ಧ ದರದ ಜನ ಕೂರುತ್ತಿದ್ದರು. ಅವರಿಗೂ ಚಿತ್ರ ಕಾಣಬೇಕಾದರೆ ಬಟ್ಟೆ ಒದ್ದೆಯಾಗಿಯೇ ಇರಬೇಕು. ಒಂದೊಂದು ಚಿತ್ರ ಮುಗಿದಾಗಲೂ ಅಪ್ಪಿ ಕೊಡಪಾನದಿಂದ ನೀರು ಚಿಮುಕಿಸಿ ಮತ್ತೆ ಹಿಂದೆ ಕೂರುತ್ತಿದ್ದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ಯಾವ ಮನೆಯಿಂದ ಎಷ್ಟು ಬಟ್ಟೆ ಬಂತೆಂಬುದಕ್ಕೆ ಬಾಳೆನಾರಿಗೆ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಕಂಡು ಕುಷ್ಟನಿಗೆ ಒಂದು ಹುಚ್ಚು ಹೊಳೆಯಿತು.

"ಅಪ್ಪಿ, ಜನ ಎಷ್ಟ್ ಸಲ ನೆಗಾಡ್ರ್ ಅಂದೇಳಿ ದಿನಾ ಗಂಟ್ ಹಾಕ್. ಎಲ್ಲಿ ಮಾತ್ ಸಪ್ಪೆ ಆಯ್ತ್ ಅಂದೇಳಿ ನಂಗ್ ಗೊತ್ತಾಯ್ಕ್."

ಮೂರು ವರ್ಷ ಅವಳು ಕತ್ತಲೆಯಲ್ಲಿ ಬೆರಳಿನಲ್ಲೇ ಗಂಟು ಹಾಕಿದಳು. ಒಂದು ಗಂಟು ಕಡಿಮೆಯಾದರೆ ಅವನಿಗೆ ಗಂಜಿ ಇಳಿಯುತ್ತಿರಲಿಲ್ಲ.

ನಲವತ್ತನಾಲ್ಕರಲ್ಲಿ ಸಾಸ್ತಾನದಲ್ಲಿ ಟೆಂಟು ಹಾಕಿದಾಗ ಶನಿವಾರದ ಆಟ ಮುಗಿಯುತ್ತಲೇ ಕುಷ್ಟನಿಗೆ ಜ್ವರ ಬಂತು. ಭಾನುವಾರ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಟಿಕೇಟು ಕೊಟ್ಟಾಗಿತ್ತು. ಶೆಟ್ಟರು ಶನಿವಾರದ ಚಿತ್ರಗಳನ್ನೇ ಮಾತಿಲ್ಲದೆ ಓಡಿಸಿದರು. ಕುಷ್ಟ ಬಿಡಾರದಲ್ಲಿ ಕಂಬಳಿ ಹೊದ್ದು ಮಲಗಿದ್ದ.

ಎರಡು ದಿನ ಬಿಟ್ಟು ಎದ್ದು ಬಂದವನಿಗೆ ಶೆಟ್ಟರು ಹೇಳಿದರು: "ಕುಷ್ಟ, ಇನ್ನ್ ನೀ ಬಪ್ಪುದ್ ಬ್ಯಾಡ. ನಿನ್ ಮಾತಿಲ್ದೆನೂ ಜನ ನೆಗಾಡ್ತ್ರ್."

"ಸುಳ್ಳ್ ಹೇಳ್ಬೇಡಿ ಶೆಟ್ರೆ. ಒಬ್ಬ ಬೀಳುದ್ ಕಂಡ್ ಎಷ್ಟ್ ಹೊತ್ತ್ ನೆಗಾಡ್ತ್ರ್?"

"ಯಾರ್ನ್ ಬೇಕಾರೂ ಕೇಳ್."

"ಅಪ್ಪಿನ್ ಕೇಂತೆ. ಅವ್ಳ್ ಲೆಕ್ಕ ತಪ್ಪುಕಿಲ್ಲೆ." ಕುಷ್ಟ ಗೆದ್ದವನ ಹಾಗೆ ಅವಳ ಕಡೆ ತಿರುಗಿದ. "ಹೇಳ್ ಅಪ್ಪಿ, ಶೆಟ್ರ್ ಎದ್ರಿಗೇ ಹೇಳ್."

ಅಪ್ಪಿಯ ಸೊಂಟದಲ್ಲಿ ಎರಡು ನಾರು ಇದ್ದವು, ಶನಿವಾರದ್ದೊಂದು, ಭಾನುವಾರದ್ದೊಂದು. ಭಾನುವಾರದ್ದರಲ್ಲಿ ಉಗುರಿನಿಂದ ನಾಲ್ಕು ಗಂಟು ಬಿಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಂದು ಅಂಗವಸ್ತ್ರದ ಲೆಕ್ಕವನ್ನೂ ತಪ್ಪಿಸಿದ ಕೈ ಅದಲ್ಲ. ಅವಳು ಎರಡನ್ನೂ ಎತ್ತಿ ಒಂದೊಂದೇ ಗಂಟು ಮುಟ್ಟಿ ಎಣಿಸಿದಳು.

"ಶನಿವಾರ ಮೂವತ್ತೊಂದ್. ಐತಾರ ಮೂವತ್ಮೂರ್."

ಟೆಂಟಿನ ಆಳುಗಳು ಒಂದೇ ಸಮನೆ ನಕ್ಕರು. ಶೆಟ್ಟರು ನಗಲಿಲ್ಲ, ಎಲೆಯಡಿಕೆ ಉಗಿದು ಒಳಗೆ ಹೋದರು. ಕುಷ್ಟ ತನ್ನ ಬೆಂಚನ್ನು ಒಮ್ಮೆ ನೋಡಿ, ಪಂಚೆ ಎತ್ತಿ ಕಟ್ಟಿಕೊಂಡು ರಸ್ತೆಗೆ ಇಳಿದ.

ಆಮೇಲೆ ಅವನು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದನಂತೆ. ಅಲ್ಲಿಯವರು ಹೇಳಿದ್ದು, ಅಷ್ಟು ಮಾತು ಕಮ್ಮಿಯ ಮನುಷ್ಯ ಇನ್ನೊಬ್ಬನಿಲ್ಲ ಎಂದು. ಎರಡು ವರ್ಷ ಕಳೆದು, ಅವನು ನಾವುಂದದಲ್ಲಿ ತಂಗಿ ರತ್ನಳ ಮನೆಯಲ್ಲಿ ಮಲಗಿದ್ದಾನೆ, ಕೆಮ್ಮಿದರೆ ರಕ್ತ ಬರುತ್ತದೆ ಎಂದು ಸುದ್ದಿ ಬಂತು. ಅಪ್ಪಿ ನಾಲ್ಕು ಬಾಳೆಹಣ್ಣು ಹಿಡಿದು ಹೋದಳು. ಹಣ್ಣಿಗಿಂತ ಹೆಚ್ಚಾಗಿ ಒಂದು ಮಾತು ಹೇಳಬೇಕಿತ್ತು. ಅದು ಎಷ್ಟೋ ದಿನದ ಮೇಲೆ ಬಟ್ಟೆ ಬಡಿಯುವಾಗ ಅವಳಿಗೆ ಹೊಳೆದದ್ದು.

ಚಾಪೆಯ ಮೇಲೆ ಎಲುಬಿನ ಗೂಡು. ಅವಳು ಹತ್ತಿರ ಕೂತಳು.

"ಕುಷ್ಟಣ್ಣ, ನನ್ ಲೆಕ್ಕದಗೆ ಒಂದ್ ತಪ್ಪ್ ಆಯಿತ್. ಐತಾರ ಬಂದವ್ರ್ ಸುಮಾರ್ ಜನ ಶನಿವಾರದವ್ರೇ. ನೀವ್ ಶನಿವಾರ ಹೇಳದ್ ಮಾತ್ ಅವ್ರ್ ಕಿವಿಯಗೆ ಇತ್ತ್. ಅದ್ನ್ ನೆನ್ಸ್ಕಂಡ್ ನೆಗಾಡಿಪ್ಪುಕೂ ಸಾಕ್. ಗಂಟಗೆ ಅದ್ ಗೊತ್ತಾತಿಲ್ಲೆ."

ಕುಷ್ಟ ಮೆಲ್ಲಗೆ ಅವಳ ಕಡೆ ಹೊರಳಿದ. ಸಾಸ್ತಾನದ ಜ್ವರದ ಮೇಲೆ ಆ ಗಂಟಲು ಸರಿಯಾಗಿರಲೇ ಇಲ್ಲ. ಅವಳು ಬಗ್ಗಿ ಕೇಳಬೇಕಾಯಿತು.

"ಜನರ್ದ್ ಇರ್ಲಿ, ಅಪ್ಪಿ. ಆ ಐತಾರ ನೀ ನೆಗಾಡ್ದ್ಯಾ?"